ಗಬ್ಬದ ಆಡುಗಳ ಕೊಟ್ಟಿಗೆ

ಫೆಬ್ರವರಿ 4

ಅಣ್ಣ,

ಹೌದು, ಕೆಲಸ ಸಿಕ್ಕಿತು. ಆಡಿನ ಫಾರಂನಲ್ಲಿ ಸೊಪ್ಪಿನ ಉಸ್ತುವಾರಿ. ಹೆಸರು ದೊಡ್ಡದು, ಕೆಲಸ ಇಷ್ಟೇ. ಬೆಳಿಗ್ಗೆ ಎಂಟರೊಳಗೆ ಬೇಲಿ ಸಾಲಿನ ಮರಗಳಿಂದ ಸೊಪ್ಪು ಇಳಿಸಿ, ನೆರಳಲ್ಲಿ ಬಾಡಿಸಿ, ಕಂತೆ ಕಟ್ಟಿ, ಆಡುಗಳ ತಲೆಗಿಂತ ಒಂದು ಗೇಣು ಮೇಲೆ ತೂಗುಹಾಕಬೇಕು. ನೆಲಕ್ಕೆ ಹಾಕಿದರೆ ಮೂಸಿ, ತುಳಿದು, ಮುಖ ತಿರುಗಿಸಿಬಿಡುತ್ತವೆ. ಅದೇ ಸೊಪ್ಪನ್ನು ಕತ್ತು ಚಾಚಿ ಎಟುಕಿಸಿಕೊಳ್ಳುವ ಹಾಗೆ ಕಟ್ಟಿದರೆ ಕದ್ದು ತಿಂದಷ್ಟು ಖುಷಿ. ನಮ್ಮ ಸೋದರತ್ತೆಯ ಹಾಗೆ, ಕೈಗೆ ಕೊಟ್ಟದ್ದು ರುಚಿಸುವುದಿಲ್ಲ.

ಇಷ್ಟು ದಿನ ಇಲ್ಲಿ ಚೀಲದ ಹಿಂಡಿ ಹಾಕುತ್ತಿದ್ದರು. ಸೊಪ್ಪಿಗೆ ಬದಲಾಯಿಸೋಣ ಎಂದವಳು ನಾನೇ. ಸುಬಾಬುಲ್, ಹಿಪ್ಪುನೇರಳೆ, ನುಗ್ಗೆ, ಹಲಸು ನಾಲ್ಕೂ ಬೇಲಿಯಲ್ಲೇ ಬೆಳೆದು ನಿಂತಿವೆ, ಕೇಳುವವರಿಲ್ಲ. ಮ್ಯಾನೇಜರ್ ಒಪ್ಪಿಕೊಂಡರು, ಆದರೆ "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನ ತಲೆಗೇ ಬರುತ್ತೆ ನೋಡಮ್ಮ" ಎಂದರು. "ಬರ್ಲಿ ಬಿಡಿ ಸಾರ್" ಎಂದೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

ಒಟ್ಟು ನಲವತ್ತೆರಡು ಆಡು, ಅದರಲ್ಲಿ ಇಪ್ಪತ್ತಾರು ಗಬ್ಬದವು. ಗಬ್ಬದವುಗಳ ಕೊಟ್ಟಿಗೆ ಬೇರೆ, ಅದು ಪೂರ್ತಿ ನನ್ನದು. ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಮೆಲುಕು ಹಾಕುತ್ತಿದೆಯೇ, ಹಿಕ್ಕೆ ಗುಂಡಗಿದೆಯೇ, ಕೆಳರೆಪ್ಪೆ ಎಳೆದರೆ ಒಳಗೆ ಕೆಂಪೋ ಬಿಳಿಚೋ, ಜ್ವರ ಇದೆಯೇ, ಎಲ್ಲ ಬರೆಯುತ್ತೇನೆ. ಕಿವಿಗೆ ನಂಬರ್ ಇದೆ, ನಾನು ಹೆಸರಿಟ್ಟಿದ್ದೇನೆ. ಗಡ್ಡದಮ್ಮ, ಕಳ್ಳಿ, ಮುಂಗೋಪಿ. ಮೂರು ನಾಲ್ಕು ತಿಂಗಳ ಹಿಂದೆ ಬೇರೆ ಫಾರಂನಿಂದ ಒಂದು ಹೋತ ತಂದಿದ್ದಾರೆ, ಅದರ ವಾಸನೆ ಮಾತ್ರ ನನಗೆ ಆಗಿಬರುತ್ತಿಲ್ಲ, ಹೊಟ್ಟೆ ತೊಳಸುತ್ತದೆ. ಮ್ಯಾನೇಜರ ಸೊಸೆ ಬಸುರಿ, ಸಂಜೆ ಕೊಟ್ಟಿಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನನ್ನ ಆಡುಗಳನ್ನು ನೋಡುತ್ತಾ ಕೂರುತ್ತಾಳೆ.

ಇವರು ಡಿಪೋದಲ್ಲಿ ಆರಾಮಾಗಿದ್ದಾರೆ, ಬಸ್ಸುಗಳ ಹೊಟ್ಟೆಯ ಕೆಳಗೇ ಸಂಸಾರ. ಫಾರಂನ ಫೋನು ಮ್ಯಾನೇಜರ ಮೇಜಿನ ಮೇಲಿದೆ, ಅಲ್ಲಿ ಕೆಮ್ಮಿದರೂ ಊರಿಗೆಲ್ಲ ಕೇಳುತ್ತದೆ. ಬರೆದೇ ತಿಳಿಸು. ಸೊಪ್ಪು ಎಷ್ಟು ಕೊಡಲಿ? ನೀನು ಪ್ರಾಣಿ ಆಸ್ಪತ್ರೆಯ ಕಾಂಪೌಂಡರ್ ಎಂದು ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೇನೆ, ಮರ್ಯಾದೆ ಉಳಿಸು.

ನಿನ್ನ ತಂಗಿ

ಫೆಬ್ರವರಿ 16

ಮೊಂಡಿ,

ಇಪ್ಪತ್ತು ವರ್ಷದಿಂದ ದನ, ನಾಯಿ, ಆಡು ಎಲ್ಲದರ ಬಾಲ ಎತ್ತಿ ನೋಡಿದವನ ಮಾತು ಕೇಳು. ಸುಬಾಬುಲ್ ಮೂರರಲ್ಲಿ ಒಂದು ಪಾಲು, ಅದಕ್ಕಿಂತ ಜಾಸ್ತಿ ಬೇಡ. ಹೆಚ್ಚಾದರೆ ಮೈಕೂದಲು ಉದುರುತ್ತದೆ, ಗಂಟಲ ಕೆಳಗೆ ಗಂಟು ಬರುತ್ತದೆ. ಉಳಿದದ್ದು ಹಿಪ್ಪುನೇರಳೆ, ನುಗ್ಗೆ ಸೇರಿಸು. ಹಿಂಡಿ ಒಂದೇ ದಿನಕ್ಕೆ ನಿಲ್ಲಿಸಬೇಡ, ಎರಡು ವಾರ ಹಿಡಿಸು. ಬೆಳಗಿನ ಇಬ್ಬನಿ ಸೊಪ್ಪು ಬೇಡವೇ ಬೇಡ, ಹೊಟ್ಟೆ ಉಬ್ಬರಿಸುತ್ತದೆ. ಎಡಗಡೆ ಪಕ್ಕೆಯ ಹಿಂದಿನ ಗುಳಿ ತುಂಬಿ ಡೋಲಿನ ಹಾಗೆ ಸದ್ದು ಬಂದರೆ ನಡೆದಾಡಿಸು, ಮಲಗಲು ಬಿಡಬೇಡ.

ಹೋತದ ವಾಸನೆ ಯಾರಿಗೂ ಆಗುವುದಿಲ್ಲ, ಹೋತಕ್ಕೆ ಮಾತ್ರ ಆಗುತ್ತದೆ. ನಿನಗೆ ಯಾವಾಗಿಂದ ಇಷ್ಟು ನಾಜೂಕು ಬಂತು? ಅತ್ತಿಗೆ ನಿನ್ನ ಪತ್ರ ಓದಿ "ಅವಳು ಸರಿಯಾಗಿ ಊಟ ಮಾಡ್ತಿದಾಳೋ ಇಲ್ವೋ ಕೇಳಿ" ಎಂದಳು. ಕೇಳಿದ್ದೇನೆ.

ಮಾರ್ಚ್ 6

ಅಣ್ಣ,

ನೀನು ಹೇಳಿದ ಅಳತೆಯಲ್ಲೇ ಕೊಟ್ಟೆ. ಒಂದು ದಿನವೂ ತಪ್ಪಿಲ್ಲ. ಮೊದಲ ಹತ್ತು ದಿನ ನೋಡಬೇಕಿತ್ತು, ಮೈ ಮಿರಮಿರ ಮಿಂಚುತ್ತಿತ್ತು, ಹಿಕ್ಕೆ ಕರಿಮಣಿಯ ಹಾಗೆ. ಮ್ಯಾನೇಜರ್ ಯಾರೋ ಬಂದವರಿಗೆ "ಇದು ನಮ್ದೇ ಐಡಿಯಾ" ಎನ್ನುತ್ತಿದ್ದರು.

ಹೋದ ಶನಿವಾರ ಗಡ್ಡದಮ್ಮ ಕಂದು ಹಾಕಿತು, ದಿನ ತುಂಬುವ ಮೊದಲೇ. ನಾಲ್ಕು ತಿಂಗಳು ತುಂಬಿದ್ದ ಗಬ್ಬ. ಹಿಂದಿನ ಸಂಜೆಯವರೆಗೂ ಅದರ ಪುಟದಲ್ಲಿ ಎಲ್ಲ ಸರಿ ಎಂದೇ ಬರೆದಿದ್ದೇನೆ. ಬೆಳಿಗ್ಗೆ ಹೋದರೆ ಮೂಲೆಯಲ್ಲಿ ಎರಡು ಮರಿ, ಒದ್ದೆ, ಕೂದಲು ಇನ್ನೂ ಸರಿಯಾಗಿ ಹುಟ್ಟಿಲ್ಲ. ಗಡ್ಡದಮ್ಮ ಪಕ್ಕದಲ್ಲೇ ನಿಂತು ಮೆಲುಕು ಹಾಕುತ್ತಿತ್ತು, ಏನೂ ಆಗದ ಹಾಗೆ. ಎಲ್ಲೋ ಹಾಯ್ದುಕೊಂಡಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಸೋಮವಾರ ಇನ್ನೊಂದು. ನಿನ್ನೆ ಮುಂಗೋಪಿ.

ಮ್ಯಾನೇಜರ್ ಕೊಟ್ಟಿಗೆಗೆ ಬಂದು ತೂಗುಹಾಕಿದ್ದ ಕಂತೆಯನ್ನು ಬೆರಳಿನಿಂದ ತಟ್ಟಿದರು. "ಹಿಂಡಿ ತಿಂತಿದ್ದಾಗ ಒಂದೂ ಬೀಳ್ಲಿಲ್ಲ. ಸೊಪ್ಪು ತಿಂದ ಮೇಲೆ ಮೂರು. ನೀನೇ ಹೇಳಮ್ಮ" ಎಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

ಸೊಪ್ಪಿನಿಂದ ಹೀಗಾಗುತ್ತದೆಯೇ? ನಿಜ ಹೇಳು. ಇನ್ನೂ ಇಪ್ಪತ್ತಮೂರು ಇವೆ. ಕೊಟ್ಟಿಗೆಯ ಬಾಗಿಲು ತೆಗೆಯುವಾಗ ಮೊದಲು ನೆಲ ನೋಡುವುದು ಅಭ್ಯಾಸವಾಗಿಬಿಟ್ಟಿದೆ.

ತಂಗಿ

ಮಾರ್ಚ್ 7

ಅಣ್ಣ,

ನಿನ್ನೆಯ ಪತ್ರ ಅಂಚೆಗೆ ಹೋಯಿತು. ಇದನ್ನು ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ.

ನನಗೆ ಮೂರು ತಿಂಗಳು. ಇವರನ್ನು ಬಿಟ್ಟು ಯಾರಿಗೂ ಹೇಳಿಲ್ಲ. ಹೋದ ಎರಡು ಸಲ ಎರಡನೇ ತಿಂಗಳಿಗೇ ಎಲ್ಲರಿಗೂ ಹೇಳಿ ಕುಣಿದಾಡಿದೆ. ಆಮೇಲೆ ಒಬ್ಬೊಬ್ಬರಿಗೂ "ಇಲ್ಲ, ಹೋಯ್ತು" ಎಂದು ಹೇಳಬೇಕಾಯಿತು. ಅತ್ತಿಗೆ ಹೊಲಿದು ಕಳಿಸಿದ್ದ ಚಿಕ್ಕ ಅಂಗಿಗಳನ್ನು ವಾಪಸ್ ಕಳಿಸಲೋ ಇಟ್ಟುಕೊಳ್ಳಲೋ ಎಂದು ಒಂದು ತಿಂಗಳು ಯೋಚಿಸಿದ್ದೇನೆ. ಮೊದಲನೆಯದು ನಾಲ್ಕನೇ ತಿಂಗಳಲ್ಲಿ ಹೋಯಿತು, ಎರಡನೆಯದು ಐದನೆಯದರಲ್ಲಿ. ಈ ಸಲ ಏಳು ದಾಟುವವರೆಗೆ ಬಾಯಿ ಬಿಡುವುದಿಲ್ಲ ಎಂದು ಇವರ ಹತ್ತಿರ ಮಾತು ತೆಗೆದುಕೊಂಡಿದ್ದೇನೆ.

ಮುಂಗೋಪಿಯ ಮರಿಯನ್ನು ನಾನೇ ಎತ್ತಿದೆ. ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಬೆಚ್ಚಗಿತ್ತು ಅಣ್ಣ.

ಇಲ್ಲ, ಇದನ್ನು ಹಾಕುವುದಿಲ್ಲ.

ಮಾರ್ಚ್ 14

ಮೊಂಡಿ,

ಹೆದರಬೇಡ. ಸೊಪ್ಪಿನದಲ್ಲ. ನಾನು ಹೇಳಿದ ಅಳತೆಯಲ್ಲಿ ಕೊಟ್ಟರೆ ಕಂದು ಹಾಕುವ ಪ್ರಶ್ನೆಯೇ ಇಲ್ಲ. ಆದರೂ ನಿಮ್ಮ ಮ್ಯಾನೇಜರ ಬಾಯಿ ಮುಚ್ಚಿಸಲು ಹತ್ತು ದಿನ ಸುಬಾಬುಲ್ ಪೂರ್ತಿ ನಿಲ್ಲಿಸು. ಬರೀ ಹಿಪ್ಪುನೇರಳೆ, ಹಲಸು ಕೊಡು.

ಈಗ ನಾನು ಹೇಳುವುದನ್ನು ಸರಿಯಾಗಿ ಮಾಡು. ಇನ್ನೊಂದು ಬಿದ್ದರೆ ಮರಿಯ ಹಿಂದೆಯೇ ಮಾಸು ಬೀಳುತ್ತದಲ್ಲ, ಅದನ್ನು ಬಿಡಿಸಿ ನೋಡು. ದಪ್ಪಗೆ ಚರ್ಮದ ಹಾಗಿದೆಯೇ, ಹಳದಿ ಲೋಳೆ ಇದೆಯೇ ಬರೆ. ಮಾಸು ಬೀಳದೆ ಒಳಗೇ ಉಳಿದಿದ್ದರೆ ಮೆಲ್ಲಗೆ ಕೈ ಹಾಕಿ ತೆಗೆ. ನಿನ್ನ ಕೈ ಚಿಕ್ಕದು, ನೀನೇ ಮಾಡು, ಬೇರೆ ಯಾರಿಗೂ ಬಿಡಬೇಡ. ಕೈಗವಸು ಇದ್ದರೆ ಹಾಕಿಕೊ, ಇಲ್ಲದಿದ್ದರೆ ಸೋಪು ಹಾಕಿ ತೊಳೆದರಾಯಿತು. ನಾನು ಇಷ್ಟು ವರ್ಷ ಬರಿಗೈಯಲ್ಲೇ ಮಾಡಿದ್ದೇನೆ. ಮರಿಯನ್ನೂ ಮಾಸಿನ ತುಂಡನ್ನೂ ಎರಡು ಕವರಿನಲ್ಲಿ ಕಟ್ಟಿ, ಐಸು ತುಂಬಿದ ಡಬ್ಬದಲ್ಲಿಟ್ಟು, ಭಾವನಿಗೆ ಹೇಳಿ ಬಸ್ಸಿನಲ್ಲಿ ಕಳಿಸು. ಇಲ್ಲಿಂದ ಲ್ಯಾಬಿಗೆ ನಾನು ಮುಟ್ಟಿಸುತ್ತೇನೆ.

ಇಷ್ಟು ಚಿಕ್ಕ ವಿಷಯಕ್ಕೆ ನಿನ್ನ ಅಕ್ಷರ ಇಷ್ಟು ನಡುಗಬಾರದು. ಆಡು ಅಂದಮೇಲೆ ಒಂದೆರಡು ಬೀಳುತ್ತವೆ, ಒಂದೆರಡು ಏಳುತ್ತವೆ.

ಮಾರ್ಚ್ 21

ಅಣ್ಣ,

ಡಬ್ಬ ಇವತ್ತಿನ ಬೆಳಗಿನ ಬಸ್ಸಿನಲ್ಲಿ ಬರುತ್ತದೆ. ಡ್ರೈವರ ಸೀಟಿನ ಹಿಂದೆ ಕಟ್ಟಿಸಿದ್ದೇವೆ.

ನೀನು ಹೇಳಿದ ಹಾಗೇ ಎಲ್ಲ ಮಾಡಿದೆ. ಮಾಸು ಒಳಗೇ ಉಳಿದಿತ್ತು. ಕೈ ಹಾಕಿ ತೆಗೆದೆ. ದಪ್ಪಗಿದೆ, ಚರ್ಮದ ಹಾಗೆ, ಹಳದಿ ಲೋಳೆಯೂ ಇದೆ. ಕೈಗವಸು ಇಲ್ಲಿ ಇಲ್ಲ. ಸೊಪ್ಪು ಕೊಯ್ಯುವಾಗ ಕುಡುಗೋಲು ಹೆಬ್ಬೆರಳಿಗೆ ತಾಗಿದೆ, ಅದಕ್ಕೇ ಅಕ್ಷರ ವಕ್ರ, ನೀನು ಮತ್ತೆ ನಡುಕ ಎನ್ನಬೇಡ.

ಸುಬಾಬುಲ್ ನಿಲ್ಲಿಸಿದ ಮೇಲೂ ಎರಡು ಬಿದ್ದವು. ಈಗ ಐದು.

ಏಪ್ರಿಲ್ 2

ಮೊಂಡಿ,

ಕೊನೆಗೂ ಲ್ಯಾಬಿನಿಂದ ಉತ್ತರ ಬಂತು. ನಾನು ಹೇಳಿರಲಿಲ್ಲವೇ? ಸೊಪ್ಪಿನದಲ್ಲ. ಇದು ಕಂದು ರೋಗ, ಸೋಂಕು. ಖಂಡಿತ ಆ ಹೊಸ ಹೋತದ ಜೊತೆ ಬಂದದ್ದು. ಲ್ಯಾಬಿನ ಚೀಟಿ ಇದರ ಜೊತೆ ಇಟ್ಟಿದ್ದೇನೆ, ತೆಗೆದುಕೊಂಡು ಹೋಗಿ ಮ್ಯಾನೇಜರ ಮೇಜಿನ ಮೇಲೆ ಇಡು. ನಿನ್ನ ಮೇಲೂ ನನ್ನ ಸೊಪ್ಪಿನ ಲೆಕ್ಕಾಚಾರದ ಮೇಲೂ ಇದ್ದ ಅಪವಾದ ಹೋಯಿತು. ಎರಡು ವಾರದಿಂದ ನನ್ನ ಎದೆಯ ಮೇಲೆ ಕಲ್ಲು ಇಟ್ಟ ಹಾಗಿತ್ತು, ನಿನಗೆ ಹೇಳಿರಲಿಲ್ಲ ಅಷ್ಟೇ. ಡಾಕ್ಟರು ರಜೆಯಲ್ಲಿದ್ದರು. ಡಬ್ಬವನ್ನು ನಾನೇ ಬಿಚ್ಚಿ, ತುಂಡು ಮಾಡಿ, ಸೀಸೆಗೆ ತುಂಬಿ ಕಳಿಸಿದೆ.

ಇನ್ನು ಜಾಗ್ರತೆ. ಎಲ್ಲ ಆಡುಗಳ ರಕ್ತ ತೆಗೆಸಬೇಕು, ಸೋಂಕು ಇರುವವನ್ನು ಬೇರೆ ಮಾಡಬೇಕು. ಬಿದ್ದ ಮರಿಗಳನ್ನು ಸುಣ್ಣ ಹಾಕಿ ಆಳವಾಗಿ ಹೂಳಿ. ಹಾಲು ಕಾಯಿಸದೆ ಯಾರೂ ಬಾಯಿಗೆ ಹಾಕಬಾರದು. ಇದು ಮನುಷ್ಯರಿಗೂ ಅಂಟುತ್ತದೆ, ಮಾಸು, ರಕ್ತ, ಗಾಯದ ಮೂಲಕ. ಮುಖ್ಯವಾಗಿ ಬಸುರಿಯರು ಆ ಕಡೆ ಸುಳಿಯಲೇಬಾರದು, ಹೊಟ್ಟೆಯಲ್ಲಿರುವುದು ನಿಲ್ಲದೆ ಹೋಗಬಹುದು. ನಿಮ್ಮ ಮ್ಯಾನೇಜರ ಸೊಸೆ ಬಾಗಿಲಲ್ಲಿ ಕೂರುತ್ತಾಳೆ ಎಂದು ಬರೆದಿದ್ದೆಯಲ್ಲ, ಅವಳಿಗೆ ಇವತ್ತೇ ಹೇಳು.

ಖುಷಿಯಾಗಿ ಒಂದು ಪತ್ರ ಬರೆ ಈಗ.

ಏಪ್ರಿಲ್ 17

ಮೊಂಡಿ,

ಹದಿನೈದು ದಿನವಾಯಿತು. ನಿನ್ನ ಹೆಸರಿಗೆ ಅಂಟಿದ್ದ ಮಸಿ ತೊಳೆದುಕೊಟ್ಟವನಿಗೆ ಒಂದು ಸಾಲು ಇಲ್ಲ. ನಡುಕ ಎಂದು ತಮಾಷೆ ಮಾಡಿದ್ದಕ್ಕೆ ಮುನಿಸೇ? ಆರನೇ ಕ್ಲಾಸಿನಲ್ಲಿ ನಿನ್ನ ಪೆನ್ನು ಕಳೆದಿದ್ದಕ್ಕೆ ಒಂದು ತಿಂಗಳು ಮಾತು ಬಿಟ್ಟವಳು ನೀನು, ನನಗೆ ನೆನಪಿದೆ.

ಕೊಟ್ಟಿಗೆಯ ಕಥೆ ಏನಾಯಿತು? ರಕ್ತ ತೆಗೆದರೇ? ಸೊಪ್ಪು ಮತ್ತೆ ಕೊಡುತ್ತಿದ್ದೀಯಾ? ಇಲ್ಲಿ ಹವೆ ಬದಲಾಗಿ ಎಲ್ಲರಿಗೂ ನೆಗಡಿ. ನನಗೂ ಮಧ್ಯಾಹ್ನ ಆಯಿತೆಂದರೆ ಮೈ ಬಿಸಿ, ಮೈಕೈ ನೋವು. ಬರೆ.

ಏಪ್ರಿಲ್ 28

ಇನ್ನೂ ಮೌನ. ಸರಿ. ದೊಡ್ಡವಳಾಗಿದ್ದೀಯಾ, ಅಣ್ಣ ಬೇಡ. ಭಾವನಿಗಾದರೂ ಒಂದು ಕಾರ್ಡು ಹಾಕಲು ಹೇಳು. ಅತ್ತಿಗೆ ದಿನಾ ಕೇಳುತ್ತಾಳೆ. ಮಲಗಿಕೊಂಡೇ ಬರೆಯುತ್ತಿದ್ದೇನೆ, ಸೊಂಟ ಹಿಡಿದಿದೆ, ಹೆಚ್ಚು ಬರೆಯಲಾರೆ.

ಮೇ 1

ಅಣ್ಣ,

ಮುನಿಸಲ್ಲ. ಇದರ ಜೊತೆ ಇನ್ನೊಂದು ಪತ್ರ ಇದೆ, ಮಾರ್ಚ್ ಏಳರದ್ದು. ಅದನ್ನು ಮೊದಲು ಓದಿ ಆಮೇಲೆ ಇದನ್ನು ಓದು.

ಓದಿದೆಯಾ? ಈಗ ಐದನೇ ತಿಂಗಳು ಮುಗಿಯುತ್ತಿದೆ.

ನಿನ್ನ ಏಪ್ರಿಲ್ ಎರಡರ ಪತ್ರ ಕೊಟ್ಟಿಗೆಯ ಬಾಗಿಲಲ್ಲೇ ನನ್ನ ಕೈಗೆ ಬಂತು. ಸೊಪ್ಪಿನ ಹೊರೆ ಕೆಳಗಿಟ್ಟು ನಿಂತೇ ಓದಿದೆ. ಮೊದಲ ಅರ್ಧ ಓದುವಾಗ ನಕ್ಕೆ. ಆಮೇಲೆ ಬಸುರಿಯರ ಸಾಲು ಬಂತು. ಪಕ್ಕದಲ್ಲೇ ಮ್ಯಾನೇಜರ ಸೊಸೆ ಕುರ್ಚಿಯಲ್ಲಿ ಕೂತಿದ್ದಳು. "ಏಳು, ಮನೆಗೆ ಹೋಗು, ಇನ್ಮೇಲೆ ಈ ಕಡೆ ಬರ್ಬೇಡ" ಎಂದೆ. "ಯಾಕಕ್ಕ, ನೀವೆಲ್ಲ ಇದೀರಲ್ಲ" ಎಂದಳು. ಕುರ್ಚಿ ಎತ್ತಿ ಹೊರಗಿಟ್ಟೆ. ಆಮೇಲೆ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದೆ. ತೊಳೆದೆ, ತೊಳೆದೆ, ಚರ್ಮ ಸುಲಿಯುವವರೆಗೆ. ಎರಡು ವಾರದ ಹಿಂದೆ ಒಳಗೆ ಹಾಕಿದ ಕೈಯನ್ನು ಅವತ್ತು ತೊಳೆದರೆ ಏನು ಬಂತು?

ಒಂಬತ್ತು ದಿನ ಇವರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎನ್ನುವ ಹಾಗೆ. ನಾಲ್ಕನೇ ತಿಂಗಳು ಮುಗಿಯುವ ದಿನ ಬಚ್ಚಲಿಗೆ ಹೋಗಲೂ ಹೆದರಿಕೆ. ಬಟ್ಟೆ ನೋಡುವುದು, ಉಸಿರು ಬಿಡುವುದು, ಮತ್ತೆ ನೋಡುವುದು. ಆಮೇಲೆ ಒಳಗೆ ಅಲುಗಾಡಲು ಶುರುವಾಯಿತು. ಅಲುಗಾಡಿದರೆ ಭಯ, ಅಲುಗಾಡದಿದ್ದರೆ ಇನ್ನೂ ಭಯ. ಇವರಿಗೆ ಹೇಳಿದ ದಿನ ಮೊದಲಿಗೆ "ನಿಮ್ಮಣ್ಣಂಗೆ ಗೊತ್ತಾ?" ಎಂದು ಕೇಳಿದರು. ಇಲ್ಲ ಎಂದೆ. "ಹೇಳ್ಬೇಡ, ತಡ್ಕೊಳ್ಳಲ್ಲ" ಎಂದರು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ನಿನ್ನ ಮುನಿಸಿನ ಪತ್ರಗಳು ಬಂದಾಗ ಒಳ್ಳೆಯದೇ ಆಯಿತು, ಹಾಗೇ ಅಂದುಕೊಳ್ಳಲಿ ಎಂದುಕೊಂಡೆ. ಆದರೆ ಆಗುತ್ತಿಲ್ಲ ಅಣ್ಣ, ಒಬ್ಬಳೇ ಇದನ್ನು ಹೊರಲು.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ರಕ್ತ ತೆಗೆದಿದ್ದಾರೆ. ಉತ್ತರ ಬರಲು ಎರಡು ವಾರ. "ಜ್ವರ ಬಂತಾ? ಬೆವರು? ಕೀಲುನೋವು?" ಎಂದು ಕೇಳಿದರು. ಇಲ್ಲ ಎಂದೆ. ಮನೆಗೆ ಬಂದ ಮೇಲೆ ದಿನಕ್ಕೆ ನಾಲ್ಕು ಸಲ ಥರ್ಮಾಮೀಟರ್ ಇಟ್ಟು ನೋಡಿಕೊಳ್ಳುತ್ತಿದ್ದೇನೆ. ನೋಟ್‌ಬುಕ್ಕಿನಲ್ಲಿ ಗಡ್ಡದಮ್ಮನ ಪುಟದ ಹಿಂದೆ ನನ್ನದೂ ಒಂದು ಪುಟ ಇದೆ ಈಗ.

ಆಡುಗಳ ರಕ್ತದಲ್ಲಿ ಹನ್ನೊಂದಕ್ಕೆ ರೋಗ ಇದೆ ಎಂದು ಬಂತು. ಅವನ್ನು ಕೊಲ್ಲಲೇಬೇಕಂತೆ. ವ್ಯಾನು ತಂದರು, ಒಂದೂ ಹತ್ತಲಿಲ್ಲ, ಕಾಲು ಊರಿ ನಿಂತುಬಿಟ್ಟವು. ಮ್ಯಾನೇಜರ್ ನನ್ನ ಮುಖ ನೋಡದೆ "ನಿನ್ ಸೊಪ್ಪು ಕಟ್ಟಮ್ಮ ಒಳಗೆ, ಅದಕ್ಕಾದ್ರೆ ಹತ್ತುತ್ವೆ" ಎಂದರು. ಆಡುಗಳನ್ನು ದೂರ ನಿಲ್ಲಿಸಿ, ಬಟ್ಟೆ ಸುತ್ತಿದ ಕೈಯಿಂದ ನಾನೇ ಕಟ್ಟಿದೆ. ಹಿಪ್ಪುನೇರಳೆ, ಎಳೆ ಚಿಗುರು. ಕಳ್ಳಿ ಎಲ್ಲರಿಗಿಂತ ಮೊದಲು ಹಾರಿ ಹತ್ತಿತು.

ತಂಗಿ

ಮೇ 6

ಮೊಂಡಿ,

ಏನು ಬರೆಯಲಿ. ಎರಡೂ ಪತ್ರ ಓದಿದೆ. ಅತ್ತಿಗೆಗೂ ಓದಿ ಹೇಳಬೇಕೆಂದು ಹೋದೆ, ಅವಳೇ ಕಿತ್ತುಕೊಂಡು ಓದಿದಳು. ಓದಿ ನನ್ನನ್ನು ಒಂದು ಸಲ ನೋಡಿದಳು.

ನಿನ್ನ ಕೈ ಚಿಕ್ಕದು, ನೀನೇ ಮಾಡು ಎಂದು ಬರೆದ ಕೈ ಇದು.

ಇವತ್ತೇ ಹೊರಟು ಬರಬೇಕು. ರಜೆ ಕೊಡುತ್ತಿಲ್ಲ, ಡಾಕ್ಟರು ಹೊಸಬರು. ನನ್ನ ಬಗ್ಗೆ ಯೋಚಿಸಬೇಡ, ನಾನು ಗಟ್ಟಿಯಾಗಿದ್ದೇನೆ. ರಕ್ತದ ಉತ್ತರ ಬಂದ ಕ್ಷಣ ಬರೆ. ಒಂದು ಸಾಲು ಸಾಕು.

ಮೇ 15

ಅಣ್ಣ,

ಒಂದು ಸಾಲು ಮೊದಲು. ನನ್ನ ರಕ್ತದಲ್ಲಿ ಇಲ್ಲ. ಇನ್ನೊಂದು ತಿಂಗಳಿಗೆ ಮತ್ತೆ ನೋಡಬೇಕಂತೆ, ಕೆಲವರಿಗೆ ತಡವಾಗಿ ಕಾಣಿಸುತ್ತದಂತೆ. ಅಲ್ಲಿಯವರೆಗೆ ಖುಷಿಪಡಲು ನನಗೆ ಧೈರ್ಯ ಇಲ್ಲ.

ಈಗ ಬೇರೆ ಮಾತು. ನಿನ್ನ ಪತ್ರಗಳನ್ನು ಮಂಚದ ಮೇಲೆ ಪಕ್ಕಪಕ್ಕ ಹರಡಿ ನೋಡಿದೆ. ಏಪ್ರಿಲ್ ಎರಡರದ್ದು ಗೆರೆ ಎಳೆದ ಹಾಗೆ ನೇರ ಅಕ್ಷರ. ಹದಿನೇಳರದ್ದರಲ್ಲಿ ಮಧ್ಯಾಹ್ನದ ಮೇಲೆ ಮೈ ಬಿಸಿ, ಮೈಕೈ ನೋವು. ಇಪ್ಪತ್ತೆಂಟರದ್ದರಲ್ಲಿ ಸೊಂಟ ಹಿಡಿದಿದೆ, ಮಲಗಿ ಬರೆದದ್ದು. ಆರನೇ ತಾರೀಖಿನದ್ದು ನಾಲ್ಕೇ ಮಾತು, ಆದರೆ ಎರಡು ಬಣ್ಣದ ಮಸಿ. ಒಂದೇ ಸಲ ಕೂತು ಬರೆಯಲು ನಿನಗೆ ಆಗಿಲ್ಲ. ಕಾಗದ ನೆನೆದು ಒಣಗಿ ಅಲೆಅಲೆಯಾಗಿದೆ. ಮೊದಲು ಅತ್ತಿದ್ದೀಯ ಎಂದುಕೊಂಡೆ. ಆದರೆ ಕಣ್ಣೀರು ಹನಿಯಾಗಿ ಬೀಳುತ್ತದೆ. ಇದು ಅಂಗೈ ಊರಿದ ಜಾಗ ಪೂರ್ತಿ. ಬೆವರು.

ಲೇಡಿ ಡಾಕ್ಟರು ನನಗೆ ಕೇಳಿದ ಮೂರು ಪ್ರಶ್ನೆಗೂ ನಿನ್ನ ಪತ್ರದಲ್ಲಿ ಹೌದು ಎಂದಿದೆ. ಆ ಡಬ್ಬವನ್ನು ಬಿಚ್ಚಿದವನು ನೀನು, ತುಂಡು ಮಾಡಿದವನು ನೀನು. ಕೈಗವಸು ಹಾಕಿಕೊಂಡಿರಲಿಲ್ಲ, ನಾನು ಕೇಳುವುದೇ ಬೇಡ.

ಆಡಾಗಿದ್ದರೆ ಇಷ್ಟು ಹೊತ್ತಿಗೆ ನಿನ್ನ ಪುಟಕ್ಕೆ ಕೆಂಪು ಗೀಟು ಎಳೆದು ಬೇರೆ ಕಟ್ಟಿಹಾಕಿರುತ್ತಿದ್ದೆ. ನೆಗಡಿ ಎಂದು ನನಗೆ ಹೇಳಬೇಡ. ನಾಳೆಯೇ ಹೋಗಿ ರಕ್ತ ಕೊಡು. ಕೊಡದಿದ್ದರೆ ಈ ಹೊಟ್ಟೆ ಹೊತ್ತುಕೊಂಡು ಬಸ್ಸು ಹತ್ತಿ ನಾನೇ ಬರುತ್ತೇನೆ, ಮೊಂಡಿ ಎಂದು ಸುಮ್ಮನೆ ಹೆಸರಿಟ್ಟಿಲ್ಲ ನೀನು. ಅತ್ತಿಗೆಗೆ ಬೇರೆ ಕಾರ್ಡು ಹಾಕಿದ್ದೇನೆ, ಅದು ಈಗಾಗಲೇ ತಲುಪಿರಬೇಕು.

ಮೇ 29

ಮೊಂಡಿ,

ಇದೆ. ನನ್ನ ರಕ್ತದಲ್ಲಿ ಇದೆ.

ಆರು ವಾರ ಎರಡು ಬಗೆಯ ಮಾತ್ರೆ, ಜೊತೆಗೆ ಸೂಜಿ. ಇನ್ನೂ ತಡ ಮಾಡಿದ್ದರೆ ಬೆನ್ನುಮೂಳೆ ಹಿಡಿಯುತ್ತಿತ್ತು ಎಂದರು ಡಾಕ್ಟರು. ಅತ್ತಿಗೆ ನಿನ್ನ ಕಾರ್ಡು ಹಿಡಿದುಕೊಂಡು ನನ್ನನ್ನು ಕೈಹಿಡಿದು ಎಳೆದುಕೊಂಡೇ ಹೋದಳು. ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಕೂತಾಗ "ಎಷ್ಟು ದಿನದಿಂದ ಗೊತ್ತು ನಿಮಗೆ?" ಎಂದು ಕೇಳಿದಳು. ಸುಳ್ಳು ಹೇಳಲಾಗಲಿಲ್ಲ. ನಿನಗೂ ಹೇಳುತ್ತೇನೆ.

ಎರಡನೇ ಜ್ವರಕ್ಕೇ ಗೊತ್ತಾಗಿತ್ತು. ಆದರೆ ಆಗ ನನ್ನ ಮಟ್ಟಿಗೆ ಅದು ನನ್ನೊಬ್ಬನ ಜ್ವರ, ವಾಸಿಯಾಗುತ್ತದೆ ಎಂದು ಸುಮ್ಮನಿದ್ದೆ. ಮೇ ಒಂದರ ನಿನ್ನ ಪತ್ರ ಬಂದ ಮೇಲೆ ರಕ್ತ ಕೊಡಲು ಹೆದರಿದೆ. ನನ್ನಲ್ಲಿ ಇದೆ ಎಂದು ಬಂದರೆ ಅದೇ ಡಬ್ಬ, ಅದೇ ಮಾಸು, ಅದೇ ಬರಿಗೈ. ನಿನ್ನಲ್ಲೂ ಇದೆ ಎಂದು ನಾನೇ ಬರೆದುಕೊಟ್ಟ ಹಾಗೆ. ಗೊತ್ತಾಗದೆ ಇದ್ದರೆ ಇಲ್ಲ ಎಂದುಕೊಳ್ಳಬಹುದಲ್ಲ.

ಇನ್ನೊಂದು ಇದೆ. ಮಾರ್ಚಿನಲ್ಲೇ, ನೀನು ಮೂರು ಬಿದ್ದವು ಎಂದು ಬರೆದಾಗಲೇ ನನಗೆ ಕಂದು ರೋಗದ ಅನುಮಾನ ಬಂದಿತ್ತು. ಅನುಮಾನ ಬಂದವನು ಕೊಟ್ಟಿಗೆಯಿಂದ ಹೊರಗೆ ಬಾ ಎಂದು ಬರೆಯಬೇಕಿತ್ತು. ನಾನು ಕೈ ಹಾಕು ಎಂದು ಬರೆದೆ. ಸೊಪ್ಪಿನ ಅಳತೆ ಹೇಳಿಕೊಟ್ಟವನು ನಾನು. ಸೊಪ್ಪಿನದು ತಪ್ಪು ಎಂದಾದರೆ ನನ್ನದು ತಪ್ಪು. ಅಲ್ಲ ಎಂದು ತೋರಿಸುವ ಆತುರ ನನಗೆ. ನೀನು ಬಸುರಿ ಎಂದು ಗೊತ್ತಿರಲಿಲ್ಲ, ನಿಜ. ಗೊತ್ತಿಲ್ಲದ ಮಾತ್ರಕ್ಕೆ ನಿನ್ನ ಕೈ ಅಗ್ಗವೇ?

ನಿನ್ನ ಎರಡನೇ ಪರೀಕ್ಷೆಯವರೆಗೆ ನಾನು ಬರೆಯುವುದಿಲ್ಲ. ಬರೆದರೆ ನಿನ್ನಿಂದ ಸಮಾಧಾನ ಕೇಳಿದ ಹಾಗಾಗುತ್ತದೆ.

ಜೂನ್ 20

ಅಣ್ಣ,

ಎರಡನೇ ಸಲವೂ ಇಲ್ಲ. ಲೇಡಿ ಡಾಕ್ಟರು ಚೀಟಿ ತೋರಿಸಿ "ಇನ್ನಾದ್ರೂ ಆ ಥರ್ಮಾಮೀಟರ್ ಒಳಗಿಡಮ್ಮ" ಎಂದರು. ತೂಕ ಹೆಚ್ಚಿದೆ. ನನಗೇ ಯಾಕೆ ತಾಗಲಿಲ್ಲ, ನಿನಗೇ ಯಾಕೆ ತಾಗಿತು ಎಂದು ಕೇಳಿದೆ. ಕೆಲವರಿಗೆ ತಾಗುತ್ತದಂತೆ, ಕೆಲವರಿಗೆ ಇಲ್ಲವಂತೆ.

ಕೊಟ್ಟಿಗೆಗೆ ಸುಣ್ಣ ಬಳಿದು ಖಾಲಿ ಬಿಟ್ಟಿದ್ದಾರೆ. ಉಳಿದ ಆಡುಗಳು ಇನ್ನೊಂದು ಕೊಟ್ಟಿಗೆಯಲ್ಲಿವೆ, ಚೆನ್ನಾಗಿವೆ, ಸೊಪ್ಪನ್ನೇ ತಿನ್ನುತ್ತಿವೆ. ನಾನು ಒಳಗೆ ಹೋಗುವುದಿಲ್ಲ. ಮರದ ಕೆಳಗೆ ಕೂತು ಕಂತೆ ಕಟ್ಟಿಕೊಡುತ್ತೇನೆ, ಹೊರಗಿನಿಂದ ನೋಡಿ ಬರೆದುಕೊಳ್ಳುತ್ತೇನೆ. ಮ್ಯಾನೇಜರ ಸೊಸೆಗೆ ಹೆಣ್ಣುಮಗು, ಇಬ್ಬರೂ ಕ್ಷೇಮ.

ಮಾತ್ರೆ ತಪ್ಪಿಸಬೇಡ. ಆರು ವಾರ ಅಂದರೆ ಆರು ವಾರ. ಚೆನ್ನಾಗಾಯಿತು ಎಂದು ಮಧ್ಯದಲ್ಲಿ ಬಿಡುವ ಬುದ್ಧಿ ನಿನಗಿದೆ. ಬರೆ.

ಸೆಪ್ಟೆಂಬರ್ 5

ಮೊಂಡಿ,

ಭಾವನ ತಂತಿ ಬಂತು. ಗಂಡುಮಗು, ಇಬ್ಬರೂ ಕ್ಷೇಮ. ಅತ್ತಿಗೆ ಪಕ್ಕದ ಮನೆಯವರಿಗೂ ಓದಿ ಹೇಳಿದಳು, ಸಾಲದೆಂದು ಹಾಲಿನವನಿಗೂ. ಅವಳು ನಾಳೆ ಬರುತ್ತಾಳೆ.

ನಾನು ಎರಡು ಸಲ ಬಸ್ ನಿಲ್ದಾಣದವರೆಗೆ ಬಂದೆ. ಒಂದು ಸಲ ಟಿಕೆಟೂ ತೆಗೆದೆ. ಬಸ್ಸು ಹೊರಡುವ ಹೊತ್ತಿಗೆ ಇಳಿದುಬಿಟ್ಟೆ. ಮಾತ್ರೆ ಮುಗಿದು ಎರಡು ತಿಂಗಳಾಯಿತು, ರಕ್ತ ಸರಿಯಾಗಿದೆ ಎನ್ನುತ್ತಾರೆ. ಎತ್ತಿಕೊಂಡರೆ ಅಂಟುವಂಥದ್ದಲ್ಲ ಎಂದು ನನಗೂ ಗೊತ್ತು, ಬೇರೆಯವರಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಆದರೂ ಈ ಕೈಯನ್ನು ಆ ಮಗುವಿನ ಹತ್ತಿರ ತರಲು ಮನಸ್ಸು ಒಪ್ಪುತ್ತಿಲ್ಲ. ದೂರದಿಂದಲೇ ಇದ್ದುಬಿಡುತ್ತೇನೆ ಸ್ವಲ್ಪ ದಿನ. ತಪ್ಪು ತಿಳಿಯಬೇಡ.

ಸೆಪ್ಟೆಂಬರ್ 13

ಅಣ್ಣ,

ಅತ್ತಿಗೆ ಬಂದು ಎಲ್ಲವನ್ನೂ ಕೈಗೆ ತೆಗೆದುಕೊಂಡಿದ್ದಾಳೆ. ಮಗುವಿಗೆ ನಿನ್ನದೇ ಹಣೆ, ಅಗಲ, ಒಳಗೆ ಏನಿದೆಯೋ ಗೊತ್ತಿಲ್ಲ.

ಹುಟ್ಟಿದಾಗ ಅಳಲು ಸ್ವಲ್ಪ ತಡ ಮಾಡಿತು. ನರ್ಸು ಬೆನ್ನು ತಟ್ಟುತ್ತಿದ್ದರು. ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಕಂಡದ್ದು ಏನೆಂದು ನಿನಗೆ ಬರೆಯುವುದಿಲ್ಲ. ಆಮೇಲೆ ಅತ್ತಿತು. ಹಾಲು ಕುಡಿಸಿ ಎಂದರು. ರಕ್ತ ಎರಡು ಸಲ ನೋಡಿದ್ದಾರೆ, ಚೀಟಿ ದಿಂಬಿನ ಕೆಳಗೇ ಇದೆ, ಆದರೂ ಹೆದರಿಕೊಂಡೇ ಕುಡಿಸಿದೆ. ಅದಕ್ಕೆ ನನ್ನ ಹೆದರಿಕೆ ಕಟ್ಟಿಕೊಂಡು ಏನಾಗಬೇಕು, ಗುಟುಗುಟು ಕುಡಿಯಿತು.

ನನ್ನ ಕೈ ಅಗ್ಗವೇ ಎಂದು ನೀನು ಮೇ ತಿಂಗಳಲ್ಲಿ ಕೇಳಿದ್ದಕ್ಕೆ ನಾನು ಇನ್ನೂ ಉತ್ತರ ಬರೆದಿಲ್ಲ. ಬರೆಯಲು ಕೂತರೆ ಒಮ್ಮೊಮ್ಮೆ ಸಿಟ್ಟು ಬರುತ್ತದೆ, ಒಮ್ಮೊಮ್ಮೆ ಅಳು. ಆ ಲೆಕ್ಕ ಇನ್ನೊಂದು ದಿನ ನೋಡೋಣ. ಈಗ ಬೇರೆ ಅವಸರ ಇದೆ.

ನಾನು ನಿದ್ದೆ ಮಾಡಿ ಒಂಬತ್ತು ತಿಂಗಳಾಯಿತು. ಈಗಲೂ ಕಣ್ಣು ಮುಚ್ಚಿದರೆ ಮಗುವಿನ ಉಸಿರು ನಿಂತಿತೇನೋ ಎಂದು ಎದ್ದು ಕೂರುತ್ತೇನೆ. ಇವರು "ನಾನು ನೋಡ್ಕೊತೀನಿ, ನೀನು ಮಲ್ಕೊ" ಎನ್ನುತ್ತಾರೆ. ಎರಡು ನಿಮಿಷಕ್ಕೆ ಅವರೇ ಗೊರಕೆ. ಅತ್ತಿಗೆ ಮಗುವಿನ ಮುಖ ನೋಡುತ್ತಾಳೆ, ಪಕ್ಕೆ ನೋಡುವುದಿಲ್ಲ. ಉಸಿರು ಪಕ್ಕೆಯಲ್ಲಿ ಕಾಣುತ್ತದೆ ಎಂದು ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ.

ಭಾನುವಾರದ ಮೊದಲ ಬಸ್ಸು ಹತ್ತು. ಇಳಿಯಬೇಡ. ಬಂದು ಕೈ ತೊಳೆದುಕೊಂಡು, ಮಗುವನ್ನು ಎತ್ತಿಕೊಂಡು, ನನ್ನ ಮಂಚದ ಪಕ್ಕ ಒಂದು ಗಂಟೆ ಕೂತಿರು. ನಾನು ಮಲಗಬೇಕು.

ತಂಗಿ